ಎಷ್ಟು ದಿನದಿಂದ ಒಳಗಿದ್ದಾನೆ?

ಸಂಪಾದಕರಿಗೆ ನಮಸ್ಕಾರ,

ಹಿರಿಯ ನ್ಯಾಯಮೂರ್ತಿಗಳೇ ಕೂತು ಹೊಸ ನ್ಯಾಯಮೂರ್ತಿಗಳನ್ನು ಆರಿಸುವ ಕೊಲಿಜಿಯಂ ಅನ್ನೋ ಕೂಟ ಒಬ್ಬರ ಹೆಸರನ್ನು ಹೈಕೋರ್ಟಿಗೆ ಶಿಫಾರಸು ಮಾಡಿದ ಮೇಲೆ ವಕೀಲರಾಗಲಿ, ಜನರಾಗಲಿ ಅದನ್ನು ವಿರೋಧಿಸಿದರೆ ಕೋರ್ಟಿಗೇ ಅವಮಾನ ಮಾಡಿದ ಹಾಗೆ ಅಂತ ನಿಮ್ಮ ಓದುಗರೊಬ್ಬರು ಪತ್ರ ಬರೆದಿದ್ದರು. ಅಷ್ಟು ದೊಡ್ಡವರು ಕೂತು ಆರಿಸಿದ ಮೇಲೆ ನಾವ್ಯಾರು ಕೇಳೋಕೆ ಅನ್ನೋದು ಅವರ ವಾದ. ಓದಿ ಸುಮ್ನೆ ಇದ್ದುಬಿಡೋಣ ಅಂದುಕೊಂಡೆ, ಎರಡು ದಿನ ಇದ್ದೆ ಕೂಡ. ಆದರೆ ನಾನು 31 ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವನು. ಕೆಲಸದಲ್ಲಿದ್ದಾಗ ಇಂಥ ಪತ್ರ ಬರೆದಿದ್ದರೆ ಮಾರನೇ ದಿನ ಮೆಮೋ ಬರುತ್ತಿತ್ತು. ಈಗ ಪಿಂಚಣಿದಾರ, ಬರೆಯಬಹುದು.

ಸ್ಟೆನೋ ಕೂರುವ ಜಾಗ ನ್ಯಾಯಾಧೀಶರ ಕಾಲ ಬುಡದಲ್ಲಿ. ಅಲ್ಲಿಂದ ಕಾಣುವಷ್ಟು ಚೆನ್ನಾಗಿ ನ್ಯಾಯಾಧೀಶರು ಬೇರೆ ಎಲ್ಲಿಂದಲೂ ಕಾಣಲ್ಲ. ನಾನು ತುಂಬಾ ಜನ ಸಾಹೇಬರ ಕೆಳಗೆ ಕೆಲಸ ಮಾಡಿದ್ದೇನೆ, ಇಬ್ಬರ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲನೆಯವರು ಜಾಮೀನು ಅರ್ಜಿ ಕೂಗಿದ ತಕ್ಷಣ, ಇನ್ನೂ ಯಾವ ವಕೀಲರೂ ಬಾಯಿ ಬಿಡುವ ಮೊದಲೇ, "ಎಷ್ಟು ದಿನದಿಂದ ಒಳಗಿದ್ದಾನೆ?" ಅಂತ ಕೇಳುತ್ತಿದ್ದರು. ಸರ್ಕಾರಿ ವಕೀಲರು ಫೈಲ್ ತಿರುವಿ ಹಾಕುತ್ತಿದ್ದರು. ನಾಲ್ಕು ತಿಂಗಳು ಸ್ವಾಮಿ. ಚಾರ್ಜ್‌ಶೀಟ್ ಆಯ್ತಾ? ಆಯ್ತು ಸ್ವಾಮಿ. ಮತ್ತೆ ಇನ್ನೂ ಒಳಗೆ ಯಾಕೆ ಬೇಕು, ಹೇಳಿ. ಅಷ್ಟೇ. ಉತ್ತರ ಸರಿ ಇದ್ದರೆ ಅರ್ಜಿ ವಜಾ ಕೂಡ ಮಾಡುತ್ತಿದ್ದರು, ಮೆತ್ತನೆ ಮನುಷ್ಯ ಏನೂ ಅಲ್ಲ. ಆದರೆ ಒಬ್ಬನನ್ನು ಒಳಗೆ ಇಡಬೇಕು ಅಂದರೆ ಕಾರಣ ಹೇಳಬೇಕಾದ್ದು ಸರ್ಕಾರ ಅನ್ನೋದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

ಎರಡನೆಯವರು ಆ ಪ್ರಶ್ನೆ ಕೇಳಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಪೊಲೀಸರು ತಕರಾರು ಹಾಕಿದ್ದಾರಾ? ಹಾಕಿದ್ದಾರೆ. ಆಯ್ತು, ಬರ್ಕೊಳ್ಳಿ. ಆರೋಪ ಗಂಭೀರ ಸ್ವರೂಪದ್ದು, ಸಾಕ್ಷಿಗಳ ಮೇಲೆ ಪ್ರಭಾವ ಬೀರುವ ಸಾಧ್ಯತೆ ಇದೆ, ತಲೆಮರೆಸಿಕೊಳ್ಳುವ ಸಾಧ್ಯತೆ ಇದೆ, ಆದ್ದರಿಂದ ವಜಾ. ಪ್ರತಿ ಸಲ ಅದೇ ಮಾತು, ಎಷ್ಟರಮಟ್ಟಿಗೆ ಅಂದರೆ ಕಂಪ್ಯೂಟರ್ ಬಂದ ಮೇಲೆ ನಾನು ಆ ಆದೇಶವನ್ನೇ ಒಂದು ಫೈಲ್ ಮಾಡಿಟ್ಟುಕೊಂಡು, ಕ್ರೈಂ ನಂಬರ್ ಮತ್ತು ಹೆಸರು ಮಾತ್ರ ಬದಲಾಯಿಸಿ ಪ್ರಿಂಟ್ ಕೊಡುತ್ತಿದ್ದೆ. ಒಂದು ಸಲ ಮೂರನೇ ಪ್ಯಾರಾದಲ್ಲಿ ಹಿಂದಿನವನ ಹೆಸರು ಹಾಗೇ ಉಳಿದುಹೋಯಿತು. ತಪ್ಪು ನನ್ನದೇ. ಆದರೆ ಸಾಹೇಬರು ಆ ಆದೇಶಕ್ಕೆ ಸಹಿ ಹಾಕಿದ್ದರು. ಬೇರೆ ಯಾರದೋ ಹೆಸರಿನ ಕಾರಣಗಳ ಮೇಲೆ ಒಬ್ಬ ಹುಡುಗ ಮತ್ತೆ ಹನ್ನೊಂದು ದಿನ ಒಳಗಿದ್ದ, ಅವನ ವಕೀಲರು ಅದನ್ನು ಗಮನಿಸಿ ಅರ್ಜಿ ಹಾಕೋವರೆಗೆ.

ಈ ಎರಡನೆಯವರು ಕೆಟ್ಟವರಾ? ಅಲ್ಲ. ಒಂದು ರೂಪಾಯಿ ಮುಟ್ಟಿದವರಲ್ಲ. ಹತ್ತು ಗಂಟೆಗೆ ಬಂದರೆ ಕತ್ತಲಾಗೋವರೆಗೆ ಕೂರುತ್ತಿದ್ದರು, ಕೇಸುಗಳ ವಿಲೇವಾರಿಯಲ್ಲಿ ಜಿಲ್ಲೆಗೇ ಮುಂದೆ. ಅವರ ಹೆಸರು ಮೇಲಕ್ಕೆ ಹೋಗುತ್ತೆ ಅನ್ನುವ ಸುದ್ದಿ ಬಂದಾಗ ವಿಚಾರಿಸಲು ಬಂದವರು ಆಫೀಸಿನಲ್ಲಿ ಕೇಳಿದ್ದು ಏನು ಗೊತ್ತಾ? ಕುಡಿತ ಇದೆಯಾ, ಸೈಟು ಎಷ್ಟಿದೆ, ಯಾವ ಪಕ್ಷದವರು ಮನೆಗೆ ಬರುತ್ತಾರೆ. ಜಾಮೀನಿನ ಬಗ್ಗೆ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುವ ಧೈರ್ಯ ನನಗೆ ಇರುತ್ತಿತ್ತಾ ಅನ್ನೋದು ಬೇರೆ ಮಾತು. ಅವರು ಹೈಕೋರ್ಟಿಗೆ ಹೋದರು. ನಾವೆಲ್ಲ ಸೇರಿ ಹಾರ ಹಾಕಿದೆವು.

ನನ್ನ ತಕರಾರು ಇರೋದು ಇಲ್ಲೇ. ಪ್ರಮಾಣವಚನ ಆಗುವ ಮೊದಲು ಕೇಳದೇ ಹೋದರೆ ಆಮೇಲೆ ಕೇಳಲು ದಾರಿಯೇ ಇಲ್ಲ. ಹೈಕೋರ್ಟ್ ನ್ಯಾಯಮೂರ್ತಿ 62 ವರ್ಷದವರೆಗೆ ಇರುತ್ತಾರೆ, ಸುಪ್ರೀಂ ಕೋರ್ಟಿನವರು 65ರವರೆಗೆ. ತೆಗೆಯಬೇಕು ಅಂದರೆ ಸಂಸತ್ತಿನ ಎರಡೂ ಸದನಗಳಲ್ಲಿ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬಹುಮತ ಬೇಕು, ಅದೂ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು ಇರಬೇಕು. 1993ರಲ್ಲಿ ಸುಪ್ರೀಂ ಕೋರ್ಟಿನ ವಿ. ರಾಮಸ್ವಾಮಿ ಅವರ ವಿಷಯದಲ್ಲಿ ಲೋಕಸಭೆಯಲ್ಲಿ 196 ಜನ ತೆಗೆಯಬೇಕು ಅಂದರು, ಬೇಡ ಅಂದವರು ಒಬ್ಬರೂ ಇಲ್ಲ, ಆದರೂ 205 ಜನ ಮತ ಹಾಕದೇ ಕೂತಿದ್ದರಿಂದ ಅದು ಬಿದ್ದುಹೋಯಿತು. ಈ ದಾರಿಯಲ್ಲಿ ಒಬ್ಬರೇ ಒಬ್ಬ ನ್ಯಾಯಮೂರ್ತಿ ಇಲ್ಲಿಯವರೆಗೆ ಪೂರ್ತಿಯಾಗಿ ಹೊರಗೆ ಹೋದದ್ದಿಲ್ಲ. ಹಾಗೆ ಸುಲಭವಾಗಿ ತೆಗೆಯಲು ಆಗಬಾರದು ಅನ್ನೋದನ್ನು ನಾನೂ ಒಪ್ಪುತ್ತೇನೆ, ಇಲ್ಲದಿದ್ದರೆ ಪ್ರತಿ ಸರ್ಕಾರವೂ ತನಗೆ ಆಗದವರನ್ನು ಓಡಿಸುತ್ತೆ. ಹೊರಗೆ ಕಳಿಸುವ ಬಾಗಿಲು ಅಷ್ಟು ಬಿಗಿ ಇರೋದರಿಂದಲೇ ಒಳಗೆ ಬಿಡುವಾಗ ಒಂದಿಷ್ಟು ನೋಡಿ ಬಿಡಬೇಕು, ಅಲ್ವಾ?

ನೋಡದೇ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ನಾವು ಕನ್ನಡದವರು ದೂರ ಹೋಗಬೇಕಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಇವರನ್ನೆಲ್ಲ ಹಿಡಿದು ಹಾಕಿದ್ದು ಬೆಂಗಳೂರಿನಲ್ಲೇ, 1975ರ ಜೂನ್‌ನಲ್ಲಿ. ನಮ್ಮನ್ನು ಯಾಕೆ ಹಿಡಿದಿದ್ದೀರಿ ಅಂತ ಅವರು ನಮ್ಮ ಹೈಕೋರ್ಟಿಗೆ ಹೋದರು. ಅದನ್ನು ಕೇಳುವ ಅಧಿಕಾರವೇ ಕೋರ್ಟಿಗಿಲ್ಲ ಅಂತ ಸರ್ಕಾರ ವಾದ ಮಾಡಿತು. ಇದೆ ಅಂತ ನಮ್ಮ ಹೈಕೋರ್ಟೂ ಸೇರಿ ದೇಶದ 9 ಹೈಕೋರ್ಟುಗಳು ಹೇಳಿದವು. ಅದಕ್ಕೆ ಸಿಕ್ಕ ಬಹುಮಾನ ವರ್ಗಾವಣೆ. ಆ ಕಾಲದಲ್ಲಿ 16 ಜನ ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಬೇರೆ ಬೇರೆ ರಾಜ್ಯಕ್ಕೆ ಎತ್ತಿಹಾಕಿದರು, ಅವರಲ್ಲಿ ನಮ್ಮವರೂ ಇದ್ದರು.

ಆಮೇಲೆ ಕೇಸು ಸುಪ್ರೀಂ ಕೋರ್ಟಿಗೆ ಬಂತು. ಐದು ಜನರ ಪೀಠ. ದ್ವೇಷಕ್ಕೆ ಒಬ್ಬ ಪೊಲೀಸ್ ಯಾರನ್ನಾದರೂ ಕೊಂದರೂ ಕೋರ್ಟು ಏನೂ ಮಾಡುವ ಹಾಗಿಲ್ಲವಾ ಅಂತ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ತುರ್ತು ಪರಿಸ್ಥಿತಿ ಇರೋವರೆಗೆ ಇಲ್ಲ ಅಂತಲೇ ಅಟಾರ್ನಿ ಜನರಲ್ ನಿರೇನ್ ಡೇ ಒಪ್ಪಿಕೊಂಡರು. ಅದನ್ನು ಕಿವಿಯಾರೆ ಕೇಳಿದ ಮೇಲೂ ನಾಲ್ಕು ಜನ ಸರ್ಕಾರದ ಪರ ಬರೆದರು, ಖನ್ನಾ ಒಬ್ಬರೇ ಬೇರೆ ನಿಂತರು. ಅದು 1976ರ ಏಪ್ರಿಲ್ 28. ಮಾರನೇ ತಿಂಗಳು ರಂಗಭೂಮಿ, ಸಿನಿಮಾ ಎರಡರಲ್ಲೂ ಹೆಸರಾಗಿದ್ದ ಸ್ನೇಹಲತಾ ರೆಡ್ಡಿ ಅವರನ್ನು, ವಿಚಾರಣೆ ಇಲ್ಲದೇ ಒಳಗಿಡಬಹುದಾಗಿದ್ದ ಮೀಸಾ ಕಾನೂನಿನಲ್ಲಿ ಬೆಂಗಳೂರು ಜೈಲಿಗೆ ಹಾಕಿದರು. ಅವರಿಗೆ ಜೋರು ಆಸ್ತಮಾ ಇತ್ತು. ಎಂಟು ತಿಂಗಳು ಒಳಗಿದ್ದರು. ಇನ್ನು ಆಗಲ್ಲ ಅನ್ನುವ ಸ್ಥಿತಿಯಲ್ಲಿ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಕೆಲವೇ ದಿನಕ್ಕೆ ತೀರಿಕೊಂಡರು. ಆ ಎಂಟು ತಿಂಗಳಲ್ಲಿ "ಎಷ್ಟು ದಿನದಿಂದ ಒಳಗಿದ್ದಾರೆ, ಯಾಕೆ?" ಅಂತ ಕೇಳಬಹುದಾಗಿದ್ದ ಕೋರ್ಟು ಈ ದೇಶದಲ್ಲಿ ಒಂದೂ ಉಳಿದಿರಲಿಲ್ಲ. ನಾಲ್ಕು ಸಹಿ ಅದನ್ನು ಮಾಡಿತ್ತು.

ಆ ತೀರ್ಪನ್ನು ಸರಿಯಾಗಿ ಹೂಳಿದ್ದು ಯಾವಾಗ? 2017ರ ಆಗಸ್ಟ್ 24ರಂದು, ಖಾಸಗಿತನದ ಕೇಸಿನಲ್ಲಿ, 9 ಜನರ ಪೀಠ. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1976ರಲ್ಲಿ ಸರ್ಕಾರದ ಪರ ಬರೆದ ವೈ.ವಿ. ಚಂದ್ರಚೂಡ್ ಅವರ ತೀರ್ಪು ತಪ್ಪು ಅಂತ 2017ರಲ್ಲಿ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. 41 ವರ್ಷ ಆಗಿತ್ತು. ಮೇಲ್ಮನವಿ ಇದೆಯಲ್ಲ, ಆಮೇಲೆ ಸರಿಹೋಗುತ್ತೆ ಅನ್ನುವವರು ಆ ಲೆಕ್ಕ ಒಮ್ಮೆ ಹಾಕಿ ನೋಡಲಿ.

ಇದು ಒಂದು ಪಕ್ಷದ ಕಾಲದ ಕಥೆ ಅಂತ ಯಾರೂ ಖುಷಿಪಡಬೇಡಿ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ ಅವರನ್ನು 2020ರ ಅಕ್ಟೋಬರ್‌ನಲ್ಲಿ ಭಯೋತ್ಪಾದನೆ ತಡೆಯುವ ಯುಎಪಿಎ ಕಾನೂನಿನಲ್ಲಿ ಹಿಡಿದಾಗ ಅವರಿಗೆ 83 ವಯಸ್ಸು, ಪಾರ್ಕಿನ್ಸನ್ ಕಾಯಿಲೆ, ಲೋಟ ಹಿಡಿದರೆ ಕೈ ನಡುಗುತ್ತಿತ್ತು. ನೀರು ಕುಡಿಯಲು ಸಿಪ್ಪರ್ ಕೊಡಿ ಅಂತ ಅವರು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಸಿಪ್ಪರ್‌ಗೆ! ಆ ಅರ್ಜಿಗೂ ವಾಯಿದೆ ಬಿತ್ತು. ಜಾಮೀನು ಸಿಗಲೇ ಇಲ್ಲ, 2021ರ ಜುಲೈ 5ರಂದು ಮುಂಬೈ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಮೇಲಿನ ಆರೋಪ ನಿಜವೋ ಸುಳ್ಳೋ, ವಿಚಾರಣೆ ನಡೆದಿದ್ದರೆ ತಾನೇ ಗೊತ್ತಾಗೋದು.

ಈಗ ನನ್ನ ಮೇಲೆ ಬರಬಹುದಾದ ಒಂದು ಏಟು ಇದೆ, ಅದನ್ನು ನಾನೇ ಹೇಳಿಬಿಡುತ್ತೇನೆ. ಮನುಷ್ಯನ ಧೋರಣೆ ನೋಡಿ ನ್ಯಾಯಮೂರ್ತಿ ಮಾಡಬೇಕು ಅಂದವರು ಮೊದಲೂ ಇದ್ದರು. 1973ರ ಏಪ್ರಿಲ್‌ನಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಾಯಿಸುವ ಹಾಗಿಲ್ಲ ಅಂತ ಹೇಳಿದ ಕೇಶವಾನಂದ ಭಾರತಿ ತೀರ್ಪು ಬಂದ ಬೆನ್ನಿಗೇ, ಇಂದಿರಾ ಗಾಂಧಿ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಹಿರಿಯರಾಗಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಅವರಲ್ಲಿ ಕೆ.ಎಸ್. ಹೆಗ್ಡೆ ನಮ್ಮ ದಕ್ಷಿಣ ಕನ್ನಡದವರು. ನ್ಯಾಯಮೂರ್ತಿಗಳ ಧೋರಣೆ ನೋಡುವ ಹಕ್ಕು ಸರ್ಕಾರಕ್ಕೆ ಇದೆ ಅಂತ ಸಚಿವ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲೇ ಸಮರ್ಥನೆ ಕೊಟ್ಟರು. ಹಾಗಾದರೆ ನೀನು ಕೇಳುತ್ತಿರೋದೂ ಅದೇ ತಾನೇ ಅಂತ ನೀವು ಕೇಳಬಹುದು.

ತುಂಬಾ ದಿನ ಇದು ನನ್ನನ್ನೂ ಕಾಡಿದೆ. ಈಗ ನನಗೆ ಅನ್ನಿಸೋದು ಇಷ್ಟು. ಅವರು ನೋಡಿದ್ದು ಈ ಮನುಷ್ಯ ನಮ್ಮ ಜೊತೆ ನಿಲ್ಲುತ್ತಾನಾ ಅಂತ. ನಾವು ನೋಡಬೇಕಾದ್ದು ಎದುರಿಗೆ ಸರ್ಕಾರ ನಿಂತಾಗ, ಅದು ಯಾವ ಪಕ್ಷದ್ದೇ ಇರಲಿ, ಈ ಮನುಷ್ಯ ಯಾಕೆ ಅಂತ ಕೇಳುತ್ತಾನಾ ಅಂತ. ಅವರು ಮುಚ್ಚಿದ ಕೋಣೆಯಲ್ಲಿ ಅಳೆದರು, ನಾವು ಎಲ್ಲರ ಎದುರಿಗೆ ಕೇಳೋಣ ಅಂತಿದ್ದೇವೆ. ಪಕ್ಷದ ಚೀಟಿ ಇದ್ದ ಮಾತ್ರಕ್ಕೆ ಬೇಡ ಅಂತಲೂ ನಾನು ಹೇಳಲ್ಲ. ವಿ.ಆರ್. ಕೃಷ್ಣ ಅಯ್ಯರ್ ಕೇರಳದ ಕಮ್ಯುನಿಸ್ಟ್ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು. ಅವರನ್ನು ಸುಪ್ರೀಂ ಕೋರ್ಟಿಗೆ ತರಬೇಡಿ ಅಂತ ಮುಂಬೈ ವಕೀಲರು ಕೆಲವರು ಎದ್ದುನಿಂತಿದ್ದರು, ಸೋಲಿ ಸೊರಾಬ್ಜಿ ಕೂಡ ಅವರಲ್ಲಿದ್ದರು. ಜಾಮೀನು ನಿಯಮ, ಜೈಲು ಅಪವಾದ ಅಂತ ಬರೆದವರು ಅದೇ ಕೃಷ್ಣ ಅಯ್ಯರ್. ಸೊರಾಬ್ಜಿ ಆಮೇಲೆ ತಾವು ಮಾಡಿದ್ದು ತಪ್ಪು ಅಂತ ಒಪ್ಪಿಕೊಂಡರು. ವಿರೋಧಿಸಿದವರು ತಪ್ಪಿರಬಹುದು, ಆಗಲಿ. ಅದರಿಂದ ಕೋರ್ಟಿಗೇನೂ ನಷ್ಟ ಆಗಲಿಲ್ಲ, ಕೃಷ್ಣ ಅಯ್ಯರ್ ಅವರಿಗೂ ಆಗಲಿಲ್ಲ.

ಇನ್ನು 2023ರ ಫೆಬ್ರುವರಿ 7. ಮದ್ರಾಸ್ ಹೈಕೋರ್ಟಿಗೆ ವಕೀಲೆ ವಿಕ್ಟೋರಿಯಾ ಗೌರಿ ಅವರ ಹೆಸರು ಬಂದಾಗ ಅಲ್ಲಿನ ಕೆಲವು ವಕೀಲರು ರಾಷ್ಟ್ರಪತಿಗೂ ಕೊಲಿಜಿಯಂಗೂ ಪತ್ರ ಬರೆದರು. ಗೌರಿ ಅವರು ಬಿಜೆಪಿ ಮಹಿಳಾ ಮೋರ್ಚಾದಲ್ಲಿದ್ದರು ಅನ್ನೋದಕ್ಕಿಂತ, ಮುಸ್ಲಿಮರು ಮತ್ತು ಕ್ರೈಸ್ತರ ಬಗ್ಗೆ ಸಂದರ್ಶನಗಳಲ್ಲಿ ಆಡಿದ ಮಾತುಗಳ ಮೇಲೆ ಆಕ್ಷೇಪ ಇತ್ತು. ನಾಳೆ ಆ ಸಮುದಾಯದವನೊಬ್ಬ ಇವರ ಮುಂದೆ ಬಂದು ನಿಂತರೆ ಅವನಿಗೆ ಧೈರ್ಯ ಇರುತ್ತಾ ಅನ್ನೋದು ಆ ವಕೀಲರ ಪ್ರಶ್ನೆ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಇತ್ತ ದೆಹಲಿಯಲ್ಲಿ ವಾದ ನಡೆಯುತ್ತಿದ್ದಾಗಲೇ ಅತ್ತ ಚೆನ್ನೈನಲ್ಲಿ ಪ್ರಮಾಣವಚನವೂ ನಡೆಯಿತು. ಕೋರ್ಟು ಹೇಳಿದ್ದು ಇಷ್ಟು: ಸಂವಿಧಾನ ಹೇಳಿದ ಅರ್ಹತೆ ಇದೆಯಾ ಅಂತ ನಾವು ನೋಡಬಹುದು, ಆ ಹುದ್ದೆಗೆ ತಕ್ಕವರಾ ಅಂತ ನೋಡೋಕೆ ಆಗಲ್ಲ. ಆ ಅರ್ಹತೆ ಏನು ಅಂತ ನೋಡಿದರೆ ವಕೀಲರಿಗೆ ಹೈಕೋರ್ಟಿನಲ್ಲಿ 10 ವರ್ಷದ ವಕೀಲಿಕೆ. ಅದೂ ಇಲ್ಲದಿದ್ದರೆ ಮಾತ್ರ ಕೋರ್ಟು ಕೈಹಾಕುತ್ತೆ, 1992ರಲ್ಲಿ ಗುವಾಹಟಿ ಹೈಕೋರ್ಟಿಗೆ ಆಗಿದ್ದ ಒಬ್ಬರ ನೇಮಕವನ್ನು ಪ್ರಮಾಣವಚನಕ್ಕೆ ಮೊದಲು ರದ್ದು ಮಾಡಿದ್ದು ಹಾಗೆ. ತಕ್ಕವರಾ ಅನ್ನೋದನ್ನು ನೋಡುವುದು ಕೊಲಿಜಿಯಂ ಕೆಲಸ ಅಂತಾರೆ. ಆದರೆ ಕೊಲಿಜಿಯಂ ಮುಂದೆ ಹೋಗಿ ಹೇಳಲು ನನಗೆ ನಿಮಗೆ ಯಾವ ಕಿಟಕಿ ಇದೆ?

ಇಲ್ಲ ಅಂತಲ್ಲ, ಒಂದು ಸಣ್ಣ ಕಿಟಕಿ ಇದೆ. ಹೈಕೋರ್ಟಿಗೆ ಸಾಮಾನ್ಯವಾಗಿ ಮೊದಲು ಹೆಚ್ಚುವರಿ ನ್ಯಾಯಮೂರ್ತಿ ಅಂತ ತಗೋತಾರೆ, ಎರಡು ವರ್ಷ ಮೀರದ ಹಾಗೆ, ಆಮೇಲೆ ಕಾಯಂ. ಬಾಂಬೆ ಹೈಕೋರ್ಟಿನಲ್ಲಿ ಹೆಚ್ಚುವರಿಯಾಗಿದ್ದ ಪುಷ್ಪಾ ಗನೇಡಿವಾಲಾ ಅವರು 2021ರ ಜನವರಿಯಲ್ಲಿ, ಬಟ್ಟೆಯ ಮೇಲಿಂದ ಮುಟ್ಟಿದರೆ ಮಕ್ಕಳ ರಕ್ಷಣೆಯ ಪೋಕ್ಸೊ ಕಾನೂನಿನ ಪ್ರಕಾರ ಲೈಂಗಿಕ ದೌರ್ಜನ್ಯ ಆಗಲ್ಲ ಅಂತ ತೀರ್ಪು ಕೊಟ್ಟಾಗ ದೇಶವೆಲ್ಲ ಗಲಾಟೆ ಆಯಿತು. ಅವರನ್ನು ಕಾಯಂ ಮಾಡಿ ಅಂತ ತಾನೇ ಮಾಡಿದ್ದ ಶಿಫಾರಸನ್ನು ಕೊಲಿಜಿಯಂ ವಾಪಸ್ ತೆಗೆದುಕೊಂಡಿತು. ಅವಮಾನ ಅಂತ ಬರೆದ ಆ ಓದುಗರಿಗೆ ಕೇಳುತ್ತೇನೆ, ಕೊಲಿಜಿಯಂ ತನ್ನನ್ನು ತಾನೇ ಅವಮಾನ ಮಾಡಿಕೊಂಡಿತಾ? ತಪ್ಪು ಕಂಡಿತು, ತಿದ್ದಿಕೊಂಡಿತು. ಅದೇ ಕೆಲಸವನ್ನು ಎರಡು ವರ್ಷ ಮೊದಲೇ ಮಾಡಬಹುದಿತ್ತು ಅನ್ನೋದಷ್ಟೇ ನಮ್ಮ ಮಾತು.

ಅಮೆರಿಕದಲ್ಲಿ ಹೀಗಲ್ಲ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಹೌದು, ಅಲ್ಲಿ ನ್ಯಾಯಮೂರ್ತಿ ಆಗುವವರನ್ನು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನವರು ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ. 1987ರಲ್ಲಿ ಅಧ್ಯಕ್ಷ ರೇಗನ್ ಅವರು ಅಲ್ಲಿನ ಸುಪ್ರೀಂ ಕೋರ್ಟಿಗೆ ರಾಬರ್ಟ್ ಬೋರ್ಕ್ ಅನ್ನುವವರ ಹೆಸರು ಕಳಿಸಿದಾಗ, ಖಾಸಗಿತನದ ಹಕ್ಕು ಸಂವಿಧಾನದಲ್ಲಿ ಎಲ್ಲಿದೆ ಅಂತ ಅವರು ಹಿಂದೆ ಬರೆದಿದ್ದನ್ನೆಲ್ಲ ತೆಗೆದು ಟಿವಿಯಲ್ಲಿ ಎಲ್ಲರೂ ನೋಡುವ ಹಾಗೆ ದಿನಗಟ್ಟಲೆ ಕೇಳಿದರು, ಕೊನೆಗೆ 58-42ರಲ್ಲಿ ಬೇಡ ಅಂದರು. ಆ ಜಾಗಕ್ಕೆ ಬಂದ ಆಂಥನಿ ಕೆನಡಿ ಅವರೇ 2003ರಲ್ಲಿ, ಸಲಿಂಗಿಗಳ ಮಲಗುವ ಕೋಣೆಯಲ್ಲಿ ಪೊಲೀಸರಿಗೆ ಏನು ಕೆಲಸ ಅನ್ನುವ ಅರ್ಥದ ತೀರ್ಪು ಬರೆದರು. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದಿದ್ದರಿಂದ ಲಕ್ಷಾಂತರ ಜನರ ಬದುಕು ಬದಲಾಯಿತು. ಆದರೆ ಅಲ್ಲಿನ ಪದ್ಧತಿ ನನಗೆ ಪೂರ್ತಿ ಇಷ್ಟ ಇಲ್ಲ. ಈಗ ಅಲ್ಲಿ ಅದು ಎರಡು ಪಕ್ಷಗಳ ಕುಸ್ತಿ, ಮತ ಬೀಳೋದು ಪಕ್ಷದ ಗೆರೆ ಹಿಡಿದೇ, ಹೆಸರು ಬಂದವರು ಯಾವ ಪ್ರಶ್ನೆಗೂ ನೇರ ಉತ್ತರ ಕೊಡಲ್ಲ. ಆ ಜಾತ್ರೆ ನಮಗೆ ಬೇಡ.

ನಾನು ಕೇಳೋದು ತುಂಬಾ ಸಣ್ಣದು. 2017ರ ಅಕ್ಟೋಬರ್‌ನಿಂದ ಕೊಲಿಜಿಯಂ ತನ್ನ ನಿರ್ಣಯಗಳನ್ನು ವೆಬ್‌ಸೈಟಿಗೆ ಹಾಕುತ್ತಿದೆ, ಒಳ್ಳೇದು. ಹೆಸರು ಹಾಕಿದ ಮೇಲೆ ಒಂದು ತಿಂಗಳು ತಡೆಯಲಿ. ಆಕ್ಷೇಪ ಇದ್ದವರು ದಾಖಲೆ ಜೊತೆ, ಹೆಸರು ಸಹಿ ಹಾಕಿ ಬರೆಯಲಿ. ಬೇನಾಮಿ ಅರ್ಜಿ ಕಸದ ಬುಟ್ಟಿಗೆ ಹೋಗಲಿ, ನಮ್ಮ ಕಡೆ ಬೇನಾಮಿ ಅರ್ಜಿ ಬರೆಯುವವರಿಗೇನು ಕೊರತೆ ಇಲ್ಲ. ಯಾರ ಹೆಸರು ಬಂದಿದೆಯೋ ಅವರಿಗೆ ಉತ್ತರ ಹೇಳಲು ಅವಕಾಶ ಕೊಡಲಿ. ಆಮೇಲೆ ಕೊಲಿಜಿಯಂ ತನಗೆ ಸರಿ ಕಂಡದ್ದನ್ನು ಮಾಡಲಿ, ಆದರೆ ಆಕ್ಷೇಪವನ್ನು ಯಾಕೆ ಒಪ್ಪಲಿಲ್ಲ ಅಂತ ನಾಲ್ಕು ಸಾಲು ಬರೆಯಲಿ. ಜಿಲ್ಲಾ ನ್ಯಾಯಾಧೀಶರ ಹೆಸರು ಬಂದಿದ್ದರೆ ಅವರು ಕೊಟ್ಟ ಜಾಮೀನು ಆದೇಶಗಳಲ್ಲಿ ಒಂದು ಐವತ್ತು ತೆಗೆದು ಓದಲಿ. ಒಂದು ಮಧ್ಯಾಹ್ನದ ಕೆಲಸ. ನನ್ನ ಎರಡನೇ ಸಾಹೇಬರ ಐವತ್ತು ಓದಿದ್ದರೆ ಹತ್ತನೆಯದಕ್ಕೇ ಗೊತ್ತಾಗಿಬಿಡುತ್ತಿತ್ತು, ಎಲ್ಲವೂ ಒಂದೇ ಫೈಲಿನಿಂದ ಬಂದವು ಅಂತ.

ನಿಮಗೂ ಒಂದು ಮಾತಿದೆ ಸಂಪಾದಕರೇ, ಬೇಜಾರು ಮಾಡ್ಕೋಬೇಡಿ. ಹೊಸ ನ್ಯಾಯಮೂರ್ತಿಗಳ ಹೆಸರು ಬಂದಾಗ ಪತ್ರಿಕೆಗಳು ಹಾಕೋದು ಪಾಸ್‌ಪೋರ್ಟ್ ಸೈಜಿನ ಒಂದು ಫೋಟೋ, ಹುಟ್ಟಿದ ಊರು, ಓದಿದ ಕಾಲೇಜು. ಮಾರನೇ ದಿನ ಅವರ ಜಾತಿ ಸಂಘದ ಅಭಿನಂದನೆ ಜಾಹೀರಾತು. ಅವರು ಯಾವ ಕೇಸಿನಲ್ಲಿ ಯಾರ ಪರ ನಿಂತಿದ್ದರು, ಸರ್ಕಾರಿ ವಕೀಲರಾಗಿದ್ದರೆ ಯಾವುದನ್ನು ಸಮರ್ಥಿಸಿದ್ದರು, ಸಭೆಗಳಲ್ಲಿ ಏನು ಮಾತಾಡಿದ್ದಾರೆ, ಎಷ್ಟು ಜನರನ್ನು ಒಳಗಿಟ್ಟರು ಎಷ್ಟು ಜನರನ್ನು ಬಿಟ್ಟರು, ಇದೊಂದನ್ನೂ ನಾನು ನಿಮ್ಮ ಪತ್ರಿಕೆಯಲ್ಲಿ ಓದಿಲ್ಲ. ಮುಂದಿನ ಪಟ್ಟಿ ಬಂದಾಗ ನಿಮ್ಮ ಕೋರ್ಟ್ ವರದಿಗಾರರನ್ನು ಒಂದು ದಿನ ಸೆಷನ್ಸ್ ಕೋರ್ಟಿನಲ್ಲಿ ಆದೇಶಗಳ ನಕಲು ಕೊಡುವ ಕಾಪಿಯಿಂಗ್ ಸೆಕ್ಷನ್‌ಗೆ ಕಳಿಸಿ. ಅಲ್ಲಿ ಯಾವ ಕಪಾಟು ನೋಡಬೇಕು ಅಂತ ನಾನು ಹೇಳಿಕೊಡುತ್ತೇನೆ, ಈಗ ಬಿಡುವಾಗಿಯೇ ಇದ್ದೇನೆ.

ಇಂತಿ,
ಒಬ್ಬ ನಿವೃತ್ತ ಕೋರ್ಟ್ ಸ್ಟೆನೋ